ಎರಡು ಹೆಸರುಗಳ ನಡುವಣ ಸಾಕ್ಷಿ: ಉತ್ತರ ಕನ್ನಡದ ಸ್ತ್ರೀಚರಿತ್ರೆಯಲ್ಲಿ ಭಗಿನೀಭಾವದ ಸ್ಥಾನ

೧

ಮಹಿಳಾ ಸಮಾಜಗಳೂ ಬಾಲಿಕಾ ವಿದ್ಯಾಲಯಗಳೂ ತಮ್ಮ ರಜತೋತ್ಸವ, ಸುವರ್ಣೋತ್ಸವಗಳ ಕಾಲದಲ್ಲಿ ಹೊರತರುವ ಸ್ಮರಣ ಸಂಚಿಕೆಗಳು ಇತಿಹಾಸದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ಅವುಗಳ ರಚನೆಯಲ್ಲಿ ಒಂದು ನಿಶ್ಚಿತ ಕ್ರಮವಿರುತ್ತದೆ. ಮೊದಲ ಭಾಗದಲ್ಲಿ ಸಾಧನೆಗಳ ಪಟ್ಟಿ: ಊರಿನ ಮೊದಲ ಪದವೀಧರೆ ಯಾರು, ಮೊದಲ ವೈದ್ಯೆ ಯಾರು, ಪುರಸಭೆಗೆ ಆಯ್ಕೆಯಾದವರು ಯಾರು ಎಂಬ ವಿವರ. ಎರಡನೆಯ ಭಾಗದಲ್ಲಿ ಹಳೆಯ ವಿದ್ಯಾರ್ಥಿನಿಯರ ನೆನಪುಗಳು: ಯಾರ ಪಕ್ಕದಲ್ಲಿ ಯಾರು ಕುಳಿತಿದ್ದರು, ಯಾರ ಮದುವೆಗೆ ಯಾರು ಬಂದಿದ್ದರು, ಯಾರ ಕಷ್ಟಕಾಲದಲ್ಲಿ ಯಾರ ಮನೆಯ ಬಾಗಿಲು ತೆರೆದಿತ್ತು ಎಂಬ ಸಂಗತಿಗಳು. ಮೊದಲ ಭಾಗವನ್ನು ಇತಿಹಾಸಕಾರರು ಆಧಾರವೆಂದು ಸ್ವೀಕರಿಸುತ್ತಾರೆ. ಎರಡನೆಯದನ್ನು ಭಾವುಕತೆಯೆಂದು ಬದಿಗಿಡುತ್ತಾರೆ.

ಈ ವಿಂಗಡಣೆ ಎಷ್ಟರಮಟ್ಟಿಗೆ ಸರಿ ಎಂಬುದೇ ಪ್ರಕೃತ ಲೇಖನದ ವಿಚಾರ. ಸಾಧನೆಯು ವ್ಯಕ್ತಿಯದು, ಸಖ್ಯವು ಆಕೆಯ ಖಾಸಗಿ ಬಾಳಿಗೆ ಸೇರಿದ್ದು ಎಂಬ ತಿಳಿವಳಿಕೆ ಇದರ ಹಿಂದಿದೆ. ಪುರುಷರ ಚರಿತ್ರೆಯಲ್ಲಿ ಈ ತಿಳಿವಳಿಕೆಯಿಂದ ಹೆಚ್ಚಿನ ಹಾನಿಯಾಗದಿರಬಹುದು. ಸ್ತ್ರೀಯರ ಚರಿತ್ರೆಯಲ್ಲಾದರೋ ಇದು ಆಧಾರಗಳ ಬುಡವನ್ನೇ ಕತ್ತರಿಸುತ್ತದೆಂದು ನಮ್ಮ ಅಭಿಪ್ರಾಯ. ಭಟಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕುಗಳನ್ನೂ ಅವುಗಳೊಡನೆ ಸಂಬಂಧ ಪಡೆದ ಕೆಲವು ವ್ಯಕ್ತಿಗಳನ್ನೂ ಉದಾಹರಣೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

೨

ಮೊದಲು ಹೆಸರಿನ ಪ್ರಶ್ನೆ. ಶಾಲೆಯ ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಿಸಿದ ಹುಡುಗನು ಐವತ್ತು ವರ್ಷಗಳ ಅನಂತರವೂ ಅದೇ ಹೆಸರಿನಿಂದ ಸಿಗುತ್ತಾನೆ. ಆತನ ಪದವಿ, ಉದ್ಯೋಗ, ಜೈಲುವಾಸ, ಮರಣ ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಬಹುದು. ಹುಡುಗಿಯ ವಿಷಯ ಹಾಗಲ್ಲ. ಮದುವೆಯೊಡನೆ ಆಕೆಯ ಮನೆತನದ ಹೆಸರು ಬದಲಾಗುತ್ತದೆ. ನಮ್ಮ ಕರಾವಳಿಯ ಹಲವು ಕೊಂಕಣಿ ಮತ್ತು ಮರಾಠಿ ಮನೆತನಗಳಲ್ಲಿ ತಂದೆತಾಯಿಗಳಿಟ್ಟ ಹೆಸರು ಕೂಡ ಬದಲಾಗಿ, ಗಂಡನ ಮನೆಯವರಿಟ್ಟ ಹೊಸ ಹೆಸರೇ ಮುಂದೆ ಉಳಿಯುವ ರೂಢಿಯಿತ್ತು. ಆದುದರಿಂದ ಶಾಲೆಯ ಪುಸ್ತಕದಲ್ಲಿರುವ ಬಾಲಿಕೆಯೂ ಸಾಧನೆಯ ಪಟ್ಟಿಯಲ್ಲಿರುವ ಮಹಿಳೆಯೂ ಒಬ್ಬಳೇ ಎಂದು ಹೇಳಲು ಕಾಗದದ ಸಾಕ್ಷ್ಯ ಸಾಲದಾಗುತ್ತದೆ.

ಇದು ಕಲ್ಪನೆಯ ತೊಡಕಲ್ಲ. ೧೯೦೯ರಲ್ಲಿ ಪುಣೆಯ ಸೇವಾಸದನವನ್ನು ಕಟ್ಟಿದ ರಮಾಬಾಯಿ ರಾನಡೆಯವರ ತವರಿನ ಹೆಸರು ಯಮುನಾ. ಕರಾವಳಿಯ ಮಾಳದ ಮನೆತನಕ್ಕೆ ಸೇರಿದ ಪಂಡಿತಾ ರಮಾಬಾಯಿಯವರು ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದಾಗ ಅಲ್ಲಿ ಓದಲು ಬಂದ ವಿಧವೆ ಗೋದೂಬಾಯಿ. ಆಕೆಯೇ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆ ಎಂದು ಪ್ರಸಿದ್ಧರಾದರು. ನಮ್ಮ ನಾಡಿನ ಕಡೆಗೆ ತಿರುಗಿದರೆ, ಹುಬ್ಬಳ್ಳಿಯ ಭಗಿನೀ ಮಂಡಲದ ಸಂಸ್ಥಾಪಕಿ ಉಮಾಬಾಯಿ ಕುಂದಾಪುರ ಅವರು ೧೮೯೨ರಲ್ಲಿ ಮಂಗಳೂರಿನಲ್ಲಿ ಹುಟ್ಟಿದಾಗ ಭವಾನಿ ಗೋಳಿಕೇರಿ. ಮದುವೆಯಿಂದ ಎರಡು ಪದಗಳೂ ಬದಲಾದವು. ಭವಾನಿ ಗೋಳಿಕೇರಿ ಎಂಬ ಬಾಲಿಕೆಯನ್ನು ಬಲ್ಲವರು ಉಮಾಬಾಯಿ ಕುಂದಾಪುರ ಎಂಬ ಸೇವಾದಳದ ನಾಯಕಿಯನ್ನು ಗುರುತಿಸಬೇಕಾದರೆ ನಡುವೆ ಯಾರಾದರೂ ಇಬ್ಬರನ್ನೂ ಕಂಡವರಿರಬೇಕು.

ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಇನ್ನೂ ವಿಚಾರಾರ್ಹವಾದುದು. ಅದನ್ನು ಮಾತ್ರ ಕೇಳಿದವರು ಆಕೆಯನ್ನು ಬಂಗಾಳದವರೆಂದೇ ತಿಳಿಯಬಹುದು. ೧೯೦೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರ ತಂದೆಯ ಮನೆತನದ ಹೆಸರು ಧಾರೇಶ್ವರ. ಧಾರೇಶ್ವರವೆಂಬುದು ಕುಮಟೆ ತಾಲೂಕಿನ ಸಮುದ್ರತೀರದ ಕ್ಷೇತ್ರ. ಸಾರಸ್ವತ ಮನೆತನಗಳು ತಮ್ಮ ಹೆಸರಿನೊಡನೆ ಊರಿನ ಹೆಸರನ್ನು ಹೊತ್ತು ನಡೆಯುವುದರಿಂದ, ಹೆಣ್ಣಿನ ತವರಿನ ಹೆಸರು ಅಳಿಸಿದಾಗ ಒಂದು ಊರಿನ ನೆನಪೂ ಅಳಿಸಿಹೋಗುತ್ತದೆ. ೧೯೨೭ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಆರಂಭಕಾಲದ ಸಂಘಟನಾ ಕಾರ್ಯದರ್ಶಿಯ ಹೆಸರಿನಲ್ಲಿ ಒಮ್ಮೆ ಕುಮಟೆಯ ಕಡಲ ದಂಡೆಯ ಒಂದು ಗ್ರಾಮವಿತ್ತೆಂಬುದು ಇಂದು ಎಷ್ಟು ಜನರಿಗೆ ಹೊಳೆಯುತ್ತದೆ?

ಪ್ರಸಿದ್ಧರ ವಿಷಯದಲ್ಲಿ ಚರಿತ್ರಕಾರರು ಎರಡು ಹೆಸರುಗಳನ್ನು ಹುಡುಕಿ ಜೋಡಿಸಿದ್ದಾರೆ. ಅಪ್ರಸಿದ್ಧರ ವಿಷಯದಲ್ಲಿ ಆ ಕೆಲಸ ಮಾಡಬಲ್ಲವರು ಅವರ ಸಹಾಧ್ಯಾಯಿನಿಯರೂ ಗೆಳತಿಯರೂ ಮಾತ್ರ. ಸ್ಮರಣ ಸಂಚಿಕೆಯ ಎರಡನೆಯ ಭಾಗದಲ್ಲಿ ನಾವು ಭಾವುಕತೆಯೆಂದು ಬಿಟ್ಟುಬಿಡುವ ಬರಹದಲ್ಲಿ ಇರುವುದು ಈ ಜೋಡಣೆಯೇ. 'ನಮ್ಮ ತರಗತಿಯ ಸುಮತಿ ಇಂದಿನ ಇಂಥ ಊರಿನ ಇಂಥ ಬಾಯಿ' ಎಂಬ ಧಾಟಿಯ ಒಂದು ವಾಕ್ಯವು ಇತಿಹಾಸಕಾರನಿಗೆ ಶಾಸನದಷ್ಟು ಬೆಲೆಯುಳ್ಳದ್ದು.

೩

ಆಧುನಿಕ ಕಾಲದಲ್ಲಿ ಒಬ್ಬಳಿಗೆ ಎರಡು ಹೆಸರುಗಳಾದರೆ, ಈ ಪ್ರದೇಶದ ಹಳೆಯ ಚರಿತ್ರೆಯಲ್ಲಿ ಇದಕ್ಕೆ ವಿರುದ್ಧವಾದ ತೊಡಕು ಕಾಣುತ್ತದೆ. ಅಲ್ಲಿ ಹಲವರು ಒಬ್ಬಳಲ್ಲಿ ಕರಗಿಹೋಗಿದ್ದಾರೆ. ಇಂದಿನ ಭಟಕಳ ತಾಲೂಕಿನ ಹಾಡುವಳ್ಳಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆ ಈ ಎರಡು ಕೇಂದ್ರಗಳಿಂದ ಆಳಿದ ಜೈನ ಸಾಳುವ ಅರಸುಮನೆತನಗಳಲ್ಲಿ ಅಳಿಯಸಂತಾನದ ಪದ್ಧತಿಯಿತ್ತು. ರಾಜ್ಯವು ಅಕ್ಕತಂಗಿಯರ ಮಕ್ಕಳ ಮೂಲಕ ಇಳಿದುಬರುವ ಈ ಪದ್ಧತಿಯಲ್ಲಿ ಸೋದರಿಯೇ ವಂಶದ ನಡುಗಂಬ. ೧೫೪೨ರಲ್ಲಿ ಪೋರ್ತುಗೀಜ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜನು ಭಟಕಳದ ಮೇಲೆ ದಾಳಿಮಾಡಿ ಪಟ್ಟಣವನ್ನು ಸುಟ್ಟಾಗ ಅಲ್ಲಿ ಆಳುತ್ತಿದ್ದವಳು ಒಬ್ಬ ರಾಣಿ. ಅನಂತರದ ದಶಕಗಳಲ್ಲಿ ಗೇರುಸೊಪ್ಪೆಯಿಂದ ದೀರ್ಘಕಾಲ ಆಳಿ, ಪೋರ್ತುಗೀಜರಿಂದ 'ಮೆಣಸಿನ ರಾಣಿ' ಎನ್ನಿಸಿಕೊಂಡವಳು ಚೆನ್ನಭೈರಾದೇವಿ.

ಜನಪ್ರಿಯ ಬರವಣಿಗೆಯಲ್ಲಿ ಈ ಭೇದ ಉಳಿದಿಲ್ಲ. ಭಟಕಳದ ಯುದ್ಧ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಕುಮಟೆ ತಾಲೂಕಿನ ಮಿರ್ಜಾನ ಕೋಟೆ, ಒಂದು ಶತಮಾನದ ಮೆಣಸಿನ ವ್ಯಾಪಾರ ಎಲ್ಲವೂ ಒಬ್ಬಳೇ ವೀರರಾಣಿಯ ಕೊರಳಿಗೆ ಹಾರವಾಗಿ ಬೀಳುತ್ತವೆ. ಇದರಿಂದ ಆಕೆಯ ಗೌರವ ಹೆಚ್ಚಿತೆಂದು ಲೇಖಕರು ಭಾವಿಸುತ್ತಾರೆ. ವಾಸ್ತವವಾಗಿ ಕಳೆದುಹೋದದ್ದು ಹೆಚ್ಚು. ಸ್ತ್ರೀಯರ ಆಳ್ವಿಕೆಯನ್ನು ಸಾಧ್ಯಗೊಳಿಸಿದ ಕುಟುಂಬವ್ಯವಸ್ಥೆ, ಒಬ್ಬಳ ಅನಂತರ ಇನ್ನೊಬ್ಬಳು ಅಧಿಕಾರಕ್ಕೆ ಬರಲು ಕಾರಣವಾದ ಸೋದರೀ ಸಂಬಂಧ, ಎರಡು ಕೇಂದ್ರಗಳ ನಡುವಣ ಬಾಂಧವ್ಯ ಇವೆಲ್ಲ ಮರೆಯಾಗಿ, ಆಕಾಶದಿಂದ ಇಳಿದಂಥ ಅಪವಾದರೂಪದ ನಾಯಿಕೆಯೊಬ್ಬಳು ಉಳಿದಳು. ಅಪವಾದವೆಂದು ಒಪ್ಪಿದ ಮೇಲೆ ವಿವರಣೆಯ ಅಗತ್ಯವೇ ಇಲ್ಲ. ಈ ಏಕನಾಯಿಕಾದೃಷ್ಟಿಯೇ ಇಂದಿನ ಸ್ಮರಣ ಸಂಚಿಕೆಗಳ 'ಮೊದಲ ಮಹಿಳೆ'ಯರ ಪಟ್ಟಿಯಲ್ಲಿಯೂ ಕೆಲಸ ಮಾಡುತ್ತಿದೆ.

೪

ಭಗಿನೀಭಾವವು ಸಾಧನೆಗೆ ಅಲಂಕಾರವಲ್ಲ, ಕಾರಣ ಎಂಬುದಕ್ಕೆ ಉಮಾಬಾಯಿಯವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು. ಮದುವೆಯ ಬಳಿಕ ಮುಂಬಯಿಯಲ್ಲಿ ನೆಲಸಿದ ಅವರನ್ನು ಮಾವ ಆನಂದರಾಯರು ಓದಲು ಪ್ರೋತ್ಸಾಹಿಸಿದರು. ಅವರು ಮೆಟ್ರಿಕ್ಯುಲೇಶನ್ ಮುಗಿಸಿದರು. ಗಾಮದೇವಿಯ ಮಹಿಳಾ ಸಮಾಜದಲ್ಲಿ ಮಾವನೊಡನೆ ಸ್ತ್ರೀಶಿಕ್ಷಣದ ಕೆಲಸದಲ್ಲಿ ತೊಡಗಿದರು. ಮುಂಬಯಿಗೆ ಬಂದು ನೆಲಸಿದ ಕರಾವಳಿಯ ಹೆಣ್ಣುಮಕ್ಕಳಿಗೆ ಆ ಸಮಾಜವು ತವರಿನ ಜಗಲಿಯಂತಿತ್ತು. ಪತಿವಿಯೋಗದ ಅನಂತರ ಅವರು ಮಾವನೊಡನೆ ಹುಬ್ಬಳ್ಳಿಗೆ ಬಂದರು. ಮಾವ ಮುದ್ರಣಾಲಯವನ್ನು ನಡೆಸಿದರು. ಸೊಸೆ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತು ಭಗಿನೀ ಮಂಡಲವನ್ನು ಕಟ್ಟಿದರು. ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಆರಂಭಿಸಿದಾಗ ಅದರ ಮಹಿಳಾ ವಿಭಾಗ ಸಹಜವಾಗಿಯೇ ಅವರ ಪಾಲಿಗೆ ಬಂದಿತು.

೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದಕ್ಕಾಗಿ ೧೫೦ಕ್ಕೂ ಹೆಚ್ಚು ಮಂದಿ ಸ್ವಯಂಸೇವಿಕೆಯರನ್ನು ಉಮಾಬಾಯಿಯವರು ಕೂಡಿಸಿದರು. ಈ ಸಂಖ್ಯೆಯನ್ನು ನಮ್ಮ ಪುಸ್ತಕಗಳು ಉಲ್ಲೇಖಿಸುತ್ತವೆ. ಅದು ಹೇಗೆ ಕೂಡಿತೆಂಬುದನ್ನು ವಿಚಾರಿಸುವುದಿಲ್ಲ. ವಿಧವೆಯರು ಹೊಸಿಲು ದಾಟುವುದೇ ಅಪಶಕುನವೆನಿಸಿದ್ದ ಕಾಲ ಅದು. ಅಂಥ ಮನೆಗಳಿಂದಲೂ ಹೆಣ್ಣುಮಕ್ಕಳು ಬಂದರು. ಕರೆಯಲು ಹೋದವರು ಸ್ವತಃ ವಿಧವೆಯಾಗಿದ್ದುದು, ಒಬ್ಬಳು ಹೊರಟರೆ ನೆರೆಮನೆಯವಳಿಗೂ ಧೈರ್ಯ ಬರುತ್ತಿದ್ದುದು, ಹಿರಿಯರಿಗೆ 'ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಜೊತೆಗಿದ್ದಾರೆ' ಎಂಬ ಸಮಾಧಾನವಿದ್ದುದು ಇದಕ್ಕೆ ಕಾರಣವೆಂದು ಊಹಿಸುವುದು ಅಸಂಗತವಾಗದು. ನೂರೈವತ್ತು ಎಂಬುದು ನೂರೈವತ್ತು ಬಿಡಿ ನಿರ್ಧಾರಗಳ ಮೊತ್ತವಲ್ಲ. ಅದು ಮನೆಯಿಂದ ಮನೆಗೆ ಹರಿದ ವಿಶ್ವಾಸದ ಫಲ.

೧೯೩೨ರ ಘಟನೆಗಳು ಇದನ್ನು ಇನ್ನಷ್ಟು ಪುಷ್ಟೀಕರಿಸುತ್ತವೆ. ಉಮಾಬಾಯಿಯವರು ನಾಲ್ಕು ತಿಂಗಳು ಯರವಡಾ ಕಾರಾಗೃಹದಲ್ಲಿದ್ದರು. ಆ ಅವಧಿಯಲ್ಲಿಯೇ ಮಾವ ತೀರಿಕೊಂಡರು. ಅವರು ಬಿಡುಗಡೆಯಾಗಿ ಬಂದಾಗ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನೀ ಮಂಡಲವನ್ನು ಸರಕಾರ ಕಾನೂನುಬಾಹಿರ ಸಂಸ್ಥೆಯೆಂದು ಸಾರಿತ್ತು. ಈ ಕೊನೆಯ ಮಾತನ್ನು ಓದುಗರು ಗಮನಿಸಬೇಕು. ಅಕ್ಕತಂಗಿಯರ ಕೂಟವೆಂದು ಹೆಸರಿಟ್ಟುಕೊಂಡ ಸಂಸ್ಥೆಯೊಂದರ ಶಕ್ತಿಯನ್ನು ಆಳುವ ಸರಕಾರ ಸರಿಯಾಗಿಯೇ ಅಳೆದಿತ್ತು. ಇತಿಹಾಸಕಾರರು ಅದನ್ನು ಅಳೆಯಲು ತಡಮಾಡಿದರು.

ಮುಂದೆ ನಡೆದದ್ದು ಪಟ್ಟಿಗೆ ಸಿಗದ ಸಾಧನೆ. ಶಿಕ್ಷೆ ಮುಗಿಸಿ ಹೊರಬಂದ ಸತ್ಯಾಗ್ರಹಿ ಸ್ತ್ರೀಯರಲ್ಲಿ ಊರಿಗೆ ಮರಳಲು ಹಣವಿಲ್ಲದವರಿದ್ದರು, ಹೋಗಲು ನೆಲೆಯಿಲ್ಲದವರಿದ್ದರು. ಸರ್ವಸ್ವವನ್ನೂ ಕಳೆದುಕೊಂಡಿದ್ದ ಉಮಾಬಾಯಿಯವರ ಚಿಕ್ಕ ಮನೆ ಅವರಿಗೆ ಆಶ್ರಯವಾಯಿತು. ಜೈಲಿನ ದಾಖಲೆಯಲ್ಲಿ ಒಬ್ಬೊಬ್ಬರಿಗೂ ಒಂದು ಸಂಖ್ಯೆಯಿದೆ, ಶಿಕ್ಷೆಯ ಅವಧಿಯಿದೆ. ಬಿಡುಗಡೆಯ ಮಾರನೆಯ ದಿನ ಅವರು ಎಲ್ಲಿ ಉಂಡರು, ಎಲ್ಲಿ ಮಲಗಿದರು ಎಂಬುದು ಅಲ್ಲಿಲ್ಲ. ಆ ಒಂದು ದಿನಕ್ಕೆ ಉತ್ತರವಿಲ್ಲದಿದ್ದರೆ ಮುಂದಿನ ಬಾರಿ ಎಷ್ಟು ಮಂದಿ ಹೆಣ್ಣುಮಕ್ಕಳು ಸತ್ಯಾಗ್ರಹಕ್ಕೆ ಹೊರಡುತ್ತಿದ್ದರು? ೧೯೩೪ರಲ್ಲಿ ಬಿಹಾರದ ಭೂಕಂಪದ ಸಂತ್ರಸ್ತರ ಸೇವೆ, ೧೯೪೬ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಯ ಕರ್ನಾಟಕ ಶಾಖೆಯ ಹೊಣೆ ಇವೆಲ್ಲಕ್ಕೂ ಅದೇ ಬಳಗ ಬಲವಾಗಿ ನಿಂತಿತು. ೧೯೯೨ರಲ್ಲಿ ತೀರಿಕೊಳ್ಳುವವರೆಗೆ ಉಮಾಬಾಯಿಯವರು ಅಧಿಕಾರ ಪದವಿಗಳಿಂದ ದೂರವೇ ಉಳಿದರು. 'ಅಲಂಕರಿಸಿದ ಪದವಿಗಳು' ಎಂಬ ಶೀರ್ಷಿಕೆಯ ಕೆಳಗೆ ಅವರ ವಿಷಯವಾಗಿ ಬರೆಯಲು ಹೆಚ್ಚೇನೂ ಸಿಗದು.

೫

ಉಮಾಬಾಯಿಯವರನ್ನು ಮುಂಬಯಿ, ಹುಬ್ಬಳ್ಳಿಗಳಲ್ಲಿ ಕಂಡೆವು. ಮೂರು ತಾಲೂಕುಗಳ ಹೆಣ್ಣುಮಕ್ಕಳ ಚರಿತ್ರೆಯೂ ಬಹುಪಾಲು ಹೀಗೆ ಊರಿನಾಚೆಗೇ ಹರಡಿಕೊಂಡಿದೆ. ಮದರಾಸು ಆಧಿಪತ್ಯದಲ್ಲಿದ್ದ ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ಭಟಕಳದ ದಕ್ಷಿಣಕ್ಕಿರುವ ಕುಂದಾಪುರವು ಬೇರೆಯೇ ಆಡಳಿತದ ಊರಾಯಿತು. ಹತ್ತಿಯ ವ್ಯಾಪಾರದಿಂದ ಮೆರೆದ ಕುಮಟೆಯ ಬಂದರು ರೈಲುಮಾರ್ಗಗಳು ಬೇರೆಡೆ ಹಾದುಹೋದ ಮೇಲೆ ಬಡವಾಯಿತು. ಓದಿದವರು ಹಡಗು ಹತ್ತಿ ಮುಂಬಯಿಗೆ ನಡೆದರು. ೧೯೫೬ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ದಾಖಲೆಗಳ ದಾರಿ ಮತ್ತೆ ಕವಲೊಡೆಯಿತು. ಕುಮಟೆಯಲ್ಲಿ ಹುಟ್ಟಿ, ಹೊನ್ನಾವರಕ್ಕೆ ಕೊಟ್ಟು, ಮುಂಬಯಿಯಲ್ಲಿ ಬಾಳಿದ ಹೆಣ್ಣಿನ ಗುರುತು ಮೂರು ಕಡೆ ಮೂರು ರೀತಿಯಲ್ಲಿ ಚದರಿರುವುದು ಸಹಜ. ಅವುಗಳನ್ನು ಕೂಡಿಸಿದ್ದು ಗೆಳತಿಯರ ಕಾಗದಗಳು, ಅರಿಶಿನ ಕುಂಕುಮದ ಕರೆಗಳು, ಶಿರಾಲಿಯ ಚಿತ್ರಾಪುರ ಮಠದ ರಥೋತ್ಸವದಂಥ ಸಂದರ್ಭಗಳ ಪುನರ್ಮಿಲನಗಳು.

ಊರಿನಲ್ಲಿಯೇ ಶಾಲೆ ಕಾಲೇಜುಗಳು ಬೆಳೆದಂತೆ ಈ ಸಖ್ಯಕ್ಕೆ ಹೊಸ ನೆಲೆಗಳು ದೊರೆತವು. ಕುಮಟೆಯ ಗಿಬ್ ಬಾಲಕಿಯರ ಪ್ರೌಢಶಾಲೆ, ಬಾಳಿಗಾ ಮಹಾವಿದ್ಯಾಲಯ, ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯ. ಹೊನ್ನಾವರದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಮಹಾವಿದ್ಯಾಲಯ. ಭಟಕಳದಲ್ಲಿ ೧೯೧೯ರಲ್ಲಿ ಸ್ಥಾಪನೆಯಾದ ಅಂಜುಮನ್ ಸಂಸ್ಥೆಯ ಆಶ್ರಯದಲ್ಲಿ ಮುಂದೆ ಬೆಳೆದ ಮಹಿಳಾ ವಿದ್ಯಾಲಯ ಇವು ಉದಾಹರಣೆಗಳು. ನವಾಯತ ಸಮಾಜವನ್ನು ಕುರಿತು ವಿಕ್ಟರ್ ಡಿಸೋಜರ ಗ್ರಂಥವನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ೧೯೫೫ರಲ್ಲಿಯೇ ಪ್ರಕಟಿಸಿತು. ಆ ಸಮಾಜದ ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನೂ ಸಹಪಾಠಿಗಳ ಬಾಂಧವ್ಯವನ್ನೂ ಕುರಿತ ಕನ್ನಡ ಅಧ್ಯಯನಗಳು ಇನ್ನು ಮೇಲಾದರೂ ಬರಬೇಕಾಗಿದೆ.

೬

ಇಲ್ಲಿಯವರೆಗೆ ಹೇಳಿದ್ದರಿಂದ ಭಗಿನೀಭಾವವೆಂಬುದು ಎಲ್ಲರನ್ನೂ ಒಳಗೊಂಡ ನಿರ್ಮಲವಾದ ಭಾವವೆಂದು ತಿಳಿದರೆ ಅದೂ ಏಕಪಕ್ಷೀಯವಾಗುವುದು. ಭಗಿನಿ ಎಂಬ ಮಾತಿಗೆ ಮಿತಿಗಳಿದ್ದವು. ಹಲವು ಮಹಿಳಾ ಸಮಾಜಗಳು ಜಾತಿಯ ಆವರಣದಲ್ಲಿ ಹುಟ್ಟಿದವು. ಅವುಗಳ ನಡವಳಿ ಪುಸ್ತಕ ಬರೆದವರು ಅಕ್ಷರ ಬಲ್ಲವರು. ಅದೇ ಕುಮಟೆ, ಹೊನ್ನಾವರಗಳ ಹಾಲಕ್ಕಿ ಒಕ್ಕಲಗಿತ್ತಿಯರು, ಮೀನುಗಾರ ಹೆಂಗಸರು ಆ ಪುಸ್ತಕಗಳಲ್ಲಿ ಸದಸ್ಯೆಯರಾಗಿ ಕಾಣುವುದು ಅಪರೂಪ. ಜಾತಿಯೊಳಗಿನ ಸಖ್ಯವೂ ಜಾತಿಯನ್ನು ಮೀರಲೆತ್ನಿಸಿದ ಸಖ್ಯವೂ ಒಂದೇ ಅಲ್ಲವೆಂಬುದನ್ನು ವಿಮರ್ಶಕನು ಮರೆಯಲಾಗದು.

ಹಾಗೆಂದು ಪುಸ್ತಕದಲ್ಲಿಲ್ಲದವರಿಗೆ ಸಖ್ಯವಿರಲಿಲ್ಲವೆಂದಲ್ಲ. ಅವರದು ಕೊರಳಿನಲ್ಲಿ ಉಳಿದ ಸಖ್ಯ. ಹಾಲಕ್ಕಿ ಹೆಂಗಸರು ಮದುವೆಯಲ್ಲಿ, ಗದ್ದೆಯ ಕೆಲಸದಲ್ಲಿ ಕೂಡಿ ಹಾಡುವ ಹಾಡುಗಳನ್ನು ಕುಮಟೆಯ ಡಾ. ಎಲ್. ಆರ್. ಹೆಗಡೆ, ಹೊನ್ನಾವರದ ಡಾ. ಎನ್. ಆರ್. ನಾಯಕ ಮತ್ತು ಶಾಂತಿ ನಾಯಕರಂಥ ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿದ್ದಾರೆ. ನೆರೆಯ ಅಂಕೋಲೆ ತಾಲೂಕಿನ ಸುಕ್ರಿ ಬೊಮ್ಮಗೌಡರಿಗೆ ೨೦೧೭ರಲ್ಲಿ ಪದ್ಮಶ್ರೀ ದೊರೆಯಿತು. ೨೦೨೫ರಲ್ಲಿ ಅವರು ತೀರಿಕೊಂಡರು. ಹಾಡಿಗಾಗಿ ಪ್ರಸಿದ್ಧರಾದ ಅವರು ಸಾರಾಯಿಯ ವಿರುದ್ಧ ಊರಿನ ಹೆಂಗಸರೊಡನೆ ಹೋರಾಡಿದವರೂ ಹೌದು. ಪ್ರಶಸ್ತಿಯು ಒಬ್ಬರ ಹೆಸರಿಗೆ ಬಂದಿತು. ಹಾಡಾಗಲಿ ಹೋರಾಟವಾಗಲಿ ಒಬ್ಬರಿಂದ ಆಗುವಂಥದಲ್ಲ. ಜೊತೆಗೆ ದನಿಗೂಡಿಸಿದವರನ್ನು ಬಿಟ್ಟು ಹಾಡುಗಾರ್ತಿಯನ್ನು ಮಾತ್ರ ಸ್ಮರಿಸಿದರೆ, ಚೆನ್ನಭೈರಾದೇವಿಯ ವಿಷಯದಲ್ಲಿ ಆದ ಲೋಪವೇ ನಮ್ಮ ಕಣ್ಣೆದುರಿಗೆ ಮತ್ತೊಮ್ಮೆ ನಡೆದಂತಾಗುತ್ತದೆ.

ಹೊನ್ನಾವರದಿಂದ ಘಟ್ಟ ಹತ್ತಿದರೆ ಸಿಗುವ, ಸಿದ್ದಾಪುರ ತಾಲೂಕಿನ ಮಾವಿನಗುಂಡಿಯ ಪ್ರಸಂಗವೂ ಇಲ್ಲಿ ಸ್ಮರಣೀಯ. ಕರನಿರಾಕರಣೆಯ ಚಳವಳಿಯ ಕಾಲದಲ್ಲಿ ರೈತರ ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತರು. ಅವರ ನೆನಪಿಗೆ ಅಲ್ಲಿ ಸ್ಮಾರಕವಿದೆ. ಆ ಸತ್ಯಾಗ್ರಹಕ್ಕೆ ಒಬ್ಬಳೇ ನಾಯಿಕೆಯನ್ನು ಆರಿಸಲು ಸಾಧ್ಯವಾಗದ್ದರಿಂದಲೋ ಏನೋ ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಲ್ಲಬೇಕಾದ ಜಾಗ ಸಂದಿಲ್ಲ.

೭

ದೋಷವನ್ನು ತೋರಿಸಿದ ಮೇಲೆ ಕರ್ತವ್ಯವನ್ನು ಸೂಚಿಸುವುದು ಉಚಿತ. ಅಮೆರಿಕೆಯ ಕಾಲೇಜುಗಳಲ್ಲಿ ೧೮೭೦ರಲ್ಲಿ ಹುಟ್ಟಿದ ಕಪ್ಪಾ ಆಲ್ಫಾ ಥೀಟಾ, ೧೯೦೮ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು ಕಟ್ಟಿಕೊಂಡ ಆಲ್ಫಾ ಕಪ್ಪಾ ಆಲ್ಫಾ ಮೊದಲಾದ ಭಗಿನೀಸಂಘಗಳು ವಿದ್ಯಾಭ್ಯಾಸ ಮುಗಿದ ಮೇಲೂ ಸದಸ್ಯೆಯರನ್ನು ಜೀವಮಾನವಿಡೀ ಒಂದುಗೂಡಿಸುತ್ತವೆ. ಹಳೆಯ ವಿದ್ಯಾರ್ಥಿನಿಯ ತವರಿನ ಮನೆತನದ ಹೆಸರನ್ನೂ ಮದುವೆಯ ಅನಂತರದ ಹೆಸರನ್ನೂ ಜೊತೆಯಾಗಿ ಅಚ್ಚುಹಾಕುವ ವಾಡಿಕೆ ಆ ದೇಶದ ಕಾಲೇಜುಗಳಲ್ಲಿದೆ. ಆ ಸಂಘಗಳ ಆಡಂಬರವನ್ನು ನಾವು ಅನುಕರಿಸಬೇಕಾಗಿಲ್ಲ. ಈ ಸಣ್ಣ ವಾಡಿಕೆಯನ್ನು ಸ್ವೀಕರಿಸಿದರೆ ಸಾಕು.

ಮೂರು ತಾಲೂಕುಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬಹುದಾದ ಕೆಲಸವನ್ನು ಹೀಗೆ ಸಂಗ್ರಹಿಸಬಹುದು. ಶಾಲೆಗಳ ಹಳೆಯ ದಾಖಲೆ ಪುಸ್ತಕಗಳಲ್ಲಿರುವ ವಿದ್ಯಾರ್ಥಿನಿಯರ ಹೆಸರುಗಳನ್ನು ಬರೆದುಕೊಂಡು, ಜೀವಿಸಿರುವ ಸಹಪಾಠಿಗಳ ನೆರವಿನಿಂದ ಎರಡನೆಯ ಹೆಸರನ್ನು ಎದುರಿಗೆ ಸೇರಿಸುವುದು ಮೊದಲನೆಯ ಕೆಲಸ. ತರಗತಿಯ ಗುಂಪು ಭಾವಚಿತ್ರಗಳ ಹಿಂದೆ ಬರೆದ ಹೆಸರುಗಳು, ಗೆಳತಿಯರ ಕಾಗದಗಳು, ಹಾಡಿನ ಕೈಬರಹದ ಪುಸ್ತಕಗಳು, ಮಹಿಳಾ ಸಮಾಜಗಳ ನಡವಳಿ ಪುಸ್ತಕಗಳು ಇವನ್ನು ನಕಲುಮಾಡಿ ಕಾದಿಡುವುದು ಎರಡನೆಯದು. ಹಾಡುಗಾರ್ತಿಯ ಹೆಸರಿನೊಡನೆ ಜೊತೆಗೆ ಹಾಡಿದವರ ಹೆಸರನ್ನೂ, ಸಾಧಕಿಯ ಹೆಸರಿನೊಡನೆ ಆಕೆಯ ಮಕ್ಕಳನ್ನು ನೋಡಿಕೊಂಡವರ, ಪುಸ್ತಕ ಕೊಟ್ಟವರ, ಪರೀಕ್ಷೆಯ ಶುಲ್ಕ ಕಟ್ಟಿದವರ ಹೆಸರನ್ನೂ ಕೇಳಿ ಬರೆದಿಡುವುದು ಮೂರನೆಯದು. ನೆನಪುಗಳಲ್ಲಿ ಉತ್ಪ್ರೇಕ್ಷೆ ಇರುವುದು ನಿಜ. ಶಾಸನಗಳಲ್ಲಿಯೂ ಪ್ರಶಸ್ತಿಯ ಉತ್ಪ್ರೇಕ್ಷೆ ಇರುತ್ತದೆ; ಅದಕ್ಕಾಗಿ ಯಾರೂ ಶಾಸನವನ್ನು ಎಸೆಯುವುದಿಲ್ಲ, ಇತರ ಆಧಾರಗಳೊಡನೆ ತೂಗಿನೋಡುತ್ತಾರೆ. ನೆನಪಿಗೂ ಅದೇ ನ್ಯಾಯ ಸಲ್ಲಬೇಕು.

ಕಾಲವಾದರೋ ಕಾಯುವುದಿಲ್ಲ. ಶಾಸನ ಮಣ್ಣಿನಲ್ಲಿ ಹೂತಿದ್ದರೂ ನೂರು ವರ್ಷಗಳ ಬಳಿಕ ಅಗೆದು ಓದಬಹುದು. ಒಬ್ಬಳ ಎರಡೂ ಹೆಸರುಗಳನ್ನು ಬಲ್ಲ ಕೊನೆಯ ಗೆಳತಿ ಕಣ್ಮುಚ್ಚಿದ ದಿನ ಆ ಎರಡು ಹೆಸರುಗಳು ಇಬ್ಬರು ಬೇರೆ ಬೇರೆ ಹೆಂಗಸರದಾಗಿಬಿಡುತ್ತವೆ. ಪ್ರತಿ ವರ್ಷವೂ ಇಂಥ ಸಾಕ್ಷಿಗಳು ನಮ್ಮ ನಡುವಿನಿಂದ ಕಡಮೆಯಾಗುತ್ತಿದ್ದಾರೆ. ಈ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜಿಯರಿಂದಲೇ ಆರಂಭಿಸಬಹುದು.